ಗುರುತಿಲ್ಲದ ಊರಿನಲ್ಲಿ ಒಂದು ನಮಸ್ಕಾರ

ಮಕ್ಕಳೇ, ಮೊದಲು ನಿಮಗೊಂದು ಪ್ರಶ್ನೆ. ದಾರಿಯಲ್ಲಿ ಪಕ್ಕದ ಮನೆಯವರು ಸಿಕ್ಕಿ "ಊಟ ಆಯ್ತಾ?" ಎಂದು ಕೇಳಿದರೆ ಏನು ಹೇಳುತ್ತೀರಿ? "ಆಯ್ತು, ನಿಮ್ಮದು?" ಅನ್ನುತ್ತೀರಿ. ಊಟ ಆಗದೇ ಇದ್ದರೂ ಹಾಗೇ ಅನ್ನುತ್ತೀರಿ. "ಇಲ್ಲ, ಹುಳಿ ಇನ್ನೂ ಕುದೀತಾ ಇದೆ, ಒಗ್ಗರಣೆ ಆಗಬೇಕು" ಎಂದು ವಿವರಿಸಲು ಯಾರೂ ನಿಲ್ಲುವುದಿಲ್ಲ. ಕೇಳಿದವರೂ ಅಷ್ಟೊತ್ತು ಕಾಯುವುದಿಲ್ಲ. ಏಕೆಂದರೆ ಅಲ್ಲಿ ಕೇಳಿದ್ದು ಊಟದ ಲೆಕ್ಕವಲ್ಲ. "ನಿಮ್ಮನ್ನು ನೋಡಿದೆ, ನೋಡಿ ಸಂತೋಷವಾಯಿತು" ಎನ್ನುವುದನ್ನು ನಾವು ಹೇಳುವ ರೀತಿಯೇ ಅದು. ಧಾರವಾಡದ ಕಡೆ "ಚಾ ಆತೇನ್ರಿ?" ಅನ್ನುತ್ತಾರೆ. ಮಂಗಳೂರಿನ ಕಡೆ ತುಳುವಿನಲ್ಲಿ "ವನಸ್ ಆಂಡಾ?" ಅನ್ನುತ್ತಾರೆ. ನಮ್ಮ ಹಾಸನದ ಹಳ್ಳಿಗಳಲ್ಲಿ "ಎತ್ಲಾಗೆ ಹೊಂಟ್ರಿ?" ಎಂದು ಕೇಳಿದರೆ "ಹಿಂಗೇ, ಇತ್ಲಾಗೆ" ಅಂದರೆ ಸಾಕು, ಉತ್ತರ ಪೂರ್ತಿಯಾಯಿತು.

ಇಂಗ್ಲೆಂಡಿನಲ್ಲಿ ಇದೇ ಕೆಲಸವನ್ನು ಮಾಡುವ ಮಾತು "ಯು ಆಲ್‌ರೈಟ್?" ಎಂಬುದು. ಅಂಗಡಿಯವರು ಕೇಳುತ್ತಾರೆ, ಅಂಚೆಯವರು ಕೇಳುತ್ತಾರೆ, ಎದುರು ಮನೆಯವರು ಕಸದ ಡಬ್ಬಿ ಹೊರಗಿಡುತ್ತ ಕೇಳುತ್ತಾರೆ. ಹೊಸದಾಗಿ ಹೋದ ನಮ್ಮವರು "ನನ್ನ ಮುಖ ಬಾಡಿದೆಯೇ? ಜ್ವರ ಬಂದವನ ಹಾಗೆ ಕಾಣುತ್ತಿದ್ದೇನೆಯೇ?" ಎಂದು ಗಾಬರಿಯಾಗುವುದುಂಟು. ಗಾಬರಿ ಬೇಡ. ಅದು ಅವರ "ಊಟ ಆಯ್ತಾ?" ಅಷ್ಟೇ. "ಆಲ್‌ರೈಟ್, ಯು?" ಎಂದರೆ ಮುಗಿಯಿತು. ಮಂಡಿ ನೋವು, ಸಕ್ಕರೆ ಕಾಯಿಲೆ ಯಾವುದನ್ನೂ ಹೇಳಬೇಕಾಗಿಲ್ಲ.

ಈ ಸಣ್ಣ ಮಾತಿನ ಬಗ್ಗೆ ಈ ವಾರ ಬರೆಯಲು ಕಾರಣವಿದೆ. ಈ ಅಂಕಣ ಓದುವ ಅಜ್ಜ ಅಜ್ಜಿಯರಲ್ಲಿ ಹಲವರು ಮಗನ ಮನೆಗೋ ಮಗಳ ಮನೆಗೋ ವಿಮಾನ ಹತ್ತುವವರು. ಚಟ್ನಿಪುಡಿ, ಹಪ್ಪಳ, ಮಾತ್ರೆಯ ಚೀಟಿ, ಮೊಮ್ಮಕ್ಕಳಿಗೆ ಕೋಡುಬಳೆ ಎಲ್ಲದರ ಪಟ್ಟಿ ಮಾಡುತ್ತಾರೆ. ಅಲ್ಲಿ ಹೋದ ಮೇಲೆ ಯಾರ ಜೊತೆ ಮಾತಾಡುವುದು ಎಂಬುದು ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ನಾನೂ ನಮ್ಮನೆ ಅಜ್ಜಿಯೂ, ಅಂದರೆ ನನ್ನ ಹೆಂಡತಿಯೂ, ಮೂರು ಸಲ ಇಂಗ್ಲೆಂಡಿಗೆ ಹೋಗಿ ಬಂದಿದ್ದೇವೆ. ಮಗ ಸೊಸೆ ಇರುವುದು ರೆಡಿಂಗ್ ಎಂಬ ಊರಿನಲ್ಲಿ. ಇಂಗ್ಲಿಷಿನಲ್ಲಿ ಬರೆದರೆ "ಓದುವುದು" ಎಂಬ ಪದದ ಹಾಗೇ ಇರುತ್ತದೆ, ಆದರೆ ಹೇಳುವಾಗ ರೆಡಿಂಗ್. ಥೇಮ್ಸ್ ನದಿಗೆ ಕೆನೆಟ್ ನದಿ ಬಂದು ಸೇರುವ ಊರು. ಮಕ್ಕಳಿಗೆ ಇಷ್ಟವಾಗುವ ಸಂಗತಿಯೆಂದರೆ, ಒಂದು ಕಾಲಕ್ಕೆ ಅದು ಬಿಸ್ಕತ್ತಿನ ಊರು. 1822ರಲ್ಲಿ ಅಲ್ಲಿ ಶುರುವಾದ ಸಣ್ಣ ಅಂಗಡಿಯೊಂದು ಬೆಳೆದು ಹಂಟ್ಲಿ ಅಂಡ್ ಪಾಮರ್ಸ್ ಎಂಬ ದೊಡ್ಡ ಕಾರ್ಖಾನೆಯಾಯಿತು. ಆ ಊರಿನ ಫುಟ್‌ಬಾಲ್ ತಂಡಕ್ಕೆ ಬಿಸ್ಕತ್ತಿನವರು ಎಂಬ ಅಡ್ಡಹೆಸರೇ ಇತ್ತು.

ಊರು ಚೆಂದ, ಮನೆ ಚೆಂದ. ಆದರೆ ಬೆಳಗ್ಗೆ ಎಂಟೂವರೆಯ ಹೊತ್ತಿಗೆ ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಮನೆಯಲ್ಲಿ ಉಳಿಯುವುದು ನಾವಿಬ್ಬರು ಮತ್ತು ಗೋಡೆ ಗಡಿಯಾರ. ಚಳಿ ಒಳಗೆ ಬರದ ಹಾಗೆ ಕಿಟಕಿಗಳಿಗೆ ಎರಡೆರಡು ಗಾಜು. ಹಾಗಾಗಿ ಬೀದಿಯ ಸದ್ದೂ ಒಳಗೆ ಬರುವುದಿಲ್ಲ. ಸೊಪ್ಪಿನವಳ ಕೂಗಿಲ್ಲ, ಹಾಲಿನವನ ಗಂಟೆಯಿಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಸೂರ್ಯ ಮುಳುಗಿಬಿಡುತ್ತಾನೆ. ನಮ್ಮ ವಯಸ್ಸಿನ ಎಷ್ಟೋ ಜನ ಹೀಗೆ ಆರು ತಿಂಗಳು ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತ, ವಾಪಸ್ ಬರುವ ದಿನ ಎಣಿಸುತ್ತ ಕೂರುತ್ತಾರೆ. ಮಕ್ಕಳಿಗೆ ಹೇಳಿದರೆ ಅವರು ನೊಂದುಕೊಳ್ಳುತ್ತಾರೆ ಎಂದು ಹೇಳುವುದೂ ಇಲ್ಲ.

ನನಗೆ ಆಗ ನೆರವಿಗೆ ಬಂದದ್ದು ನನ್ನ ಬ್ಯಾಂಕಿನ ಕೆಲಸ. 36 ವರ್ಷ ಗುಮಾಸ್ತನಾಗಿ ಕೌಂಟರಿನಲ್ಲಿ ಕೂತವನು ನಾನು. ಆಗಿನ ಕಾಲದಲ್ಲಿ ಯಾರಾದರೂ ಖಾತೆ ತೆರೆಯಬೇಕಾದರೆ, ಆ ಶಾಖೆಯಲ್ಲಿ ಮೊದಲೇ ಖಾತೆ ಇದ್ದ ಒಬ್ಬರು ಬಂದು "ಇವರನ್ನು ನಾನು ಬಲ್ಲೆ" ಎಂದು ಸಹಿ ಹಾಕಬೇಕಿತ್ತು. ಇಂಟ್ರೊಡ್ಯೂಸರ್ ಎನ್ನುತ್ತಿದ್ದೆವು. ಆ ಸಹಿ ಇಲ್ಲದೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ನಮ್ಮೂರಿನಲ್ಲಿ ನಮಗೆ ಇಂಥ ಪರಿಚಯದ ಸಹಿ ಹಾಕುವವರು ಬೇಕಾದಷ್ಟು ಜನ. "ಮೇಷ್ಟ್ರ ಮಗ", "ಕೊನೇ ಮನೆ ಸಾವಿತ್ರಮ್ಮನ ತಮ್ಮ" ಅಂದರೆ ಸಾಕು, ಕೂರಲು ಮಣೆ ಸಿಗುತ್ತದೆ. ಪರದೇಶದಲ್ಲಿ ಆ ಸಹಿ ಹಾಕಲು ಯಾರೂ ಇಲ್ಲ. ಅಲ್ಲಿ ನಮ್ಮನ್ನು ನಾವೇ ಪರಿಚಯಿಸಿಕೊಳ್ಳಬೇಕು, ಅದಕ್ಕಿರುವ ಅರ್ಜಿಯೇ ನಮಸ್ಕಾರ.

ಬ್ಯಾಂಕು ಕಲಿಸಿದ ಇನ್ನೊಂದು ಪಾಠ ಆರ್.ಡಿ. ಮಕ್ಕಳೇ, ತಿಂಗಳು ತಿಂಗಳೂ ಒಂದೇ ಮೊತ್ತದ ಸಣ್ಣ ಹಣ ಕಟ್ಟುತ್ತ ಹೋಗುವುದಕ್ಕೆ ಆರ್.ಡಿ. ಎನ್ನುತ್ತಾರೆ. ಒಂದು ಕಂತು ನೋಡಿದರೆ ಏನೂ ಇಲ್ಲ. ತಪ್ಪದೆ ಕಟ್ಟಿದರೆ ಅವಧಿ ಮುಗಿದಾಗ ಕೈತುಂಬ ಬರುತ್ತದೆ. ಗುರುತಿಲ್ಲದವರಿಗೆ ಮಾಡುವ ನಮಸ್ಕಾರವೂ ಹೀಗೇ. ಒಂದು ದಿನ ಮಾಡಿದರೆ ಅದು ಮರ್ಯಾದೆ. ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಜನರಿಗೆ ದಿನವೂ ಮಾಡಿದರೆ ಅದು ಪರಿಚಯ.

ಹಾಗಾಗಿ ನಾವು ಮೊದಲು ಮಾಡಿದ್ದು ಹೊತ್ತು ಗೊತ್ತು ಮಾಡಿಕೊಂಡಿದ್ದು. ಮೊಮ್ಮಗಳನ್ನು ಶಾಲೆಗೆ ಬಿಡುವ ಕೆಲಸ ನಮ್ಮದು ಎಂದೆವು. ಶಾಲೆಯ ಹತ್ತಿರ ರಸ್ತೆ ದಾಟಿಸಲು ಒಬ್ಬರು ಹೆಂಗಸು ನಿಂತಿರುತ್ತಿದ್ದರು. ಉದ್ದ ಹೊಳೆಯುವ ಕೋಟು, ಕೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ದುಂಡನೆಯ ಫಲಕ. ಅವರು ಫಲಕ ಎತ್ತಿ ರಸ್ತೆಯ ನಡುವೆ ನಿಂತರೆ ಲಾರಿಯೂ ನಿಲ್ಲಲೇಬೇಕು. ಕೋಲು ಮಿಠಾಯಿಯ ಹಾಗೆ ಕಾಣುವುದರಿಂದ ಅಲ್ಲಿನ ಮಕ್ಕಳು ಅವರನ್ನು ಲಾಲಿಪಾಪ್ ಲೇಡಿ ಎಂದು ಕರೆಯುತ್ತಾರೆ. ಈ ಏರ್ಪಾಟಿಗೆ 1953ರಲ್ಲಿ ಅಲ್ಲಿ ಕಾನೂನೇ ಬಂತು. ಆಕೆಗೆ ದಿನವೂ ಗುಡ್ ಮಾರ್ನಿಂಗ್. ಎರಡು ವಾರ ಕಳೆಯುವಷ್ಟರಲ್ಲಿ ಆಕೆಯೇ ದೂರದಿಂದ ಕೈ ಬೀಸತೊಡಗಿದರು.

ಆಮೇಲೆ ಬಸ್ಸು. ಅಲ್ಲಿ ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಇಳಿಯುವವರೇ ಹೆಚ್ಚು. ಶಾಲೆಯ ಹುಡುಗರೂ ಹೇಳುತ್ತಾರೆ. ನೇರಳೆ ಬಣ್ಣದ 17ನೇ ನಂಬರಿನ ಬಸ್ಸಿನಲ್ಲಿ ಓಡಾಡುತ್ತ ನಾವೂ ಕಲಿತೆವು. ನಮ್ಮನೆ ಅಜ್ಜಿ "ಬರ್ತೀನಪ್ಪ" ಎಂದು ಕನ್ನಡದಲ್ಲೇ ಹೇಳಿ ಇಳಿಯುತ್ತಾಳೆ. ಯಾವ ಡ್ರೈವರೂ ಇದುವರೆಗೆ ಅರ್ಥ ಕೇಳಿಲ್ಲ. ಎಲ್ಲರೂ ನಕ್ಕು ತಲೆಯಾಡಿಸಿದ್ದಾರೆ.

ಮಾತು ಬೆಳೆಸಬೇಕೆಂದರೆ ಇಂಗ್ಲೆಂಡಿನಲ್ಲಿ ಎರಡು ದಾರಿ. ಮೊದಲನೆಯದು ಹವಾಮಾನ. "ಬಿಟ್ ಚಿಲ್ಲಿ ಟುಡೇ" ಅನ್ನುತ್ತಾರೆ. ಇದು ಮೆಣಸಿನಕಾಯಿಯ ಚಿಲ್ಲಿ ಅಲ್ಲ ಮಕ್ಕಳೇ, ನಮ್ಮ ಚಳಿ. "ಹೌದು, ಚಳಿಯೇ" ಎಂದು ಒಪ್ಪಿದರೆ ಸಾಕು. "ಇದೇನು ಚಳಿ, ನಿನ್ನೆ ಇದಕ್ಕಿಂತ ಜಾಸ್ತಿ ಇತ್ತು" ಎಂದು ವಾದಕ್ಕೆ ಇಳಿಯಬಾರದು. ಎರಡನೆಯ ದಾರಿ ನಾಯಿ. ಪಾರ್ಕಿನಲ್ಲಿ ಮನುಷ್ಯರನ್ನು ಮಾತಾಡಿಸಲು ಸಂಕೋಚವಾದರೆ ಅವರ ನಾಯಿಯನ್ನು ಹೊಗಳಿ. ಯಜಮಾನರು ತಾವಾಗಿ ನಿಲ್ಲುತ್ತಾರೆ. ಕೇಳದೆ ಮುಟ್ಟಬೇಡಿ, ಅಷ್ಟೇ.

ಇನ್ನೊಂದು ಜಾಗ ನನಗೆ ಬಹಳ ಹಿಡಿಸಿತು. ಅಲಾಟ್‌ಮೆಂಟ್ ಎನ್ನುತ್ತಾರೆ. ಮನೆಯ ಹಿಂದೆ ಜಾಗ ಇಲ್ಲದವರು ತರಕಾರಿ ಬೆಳೆಯಲೆಂದು ಸಣ್ಣ ಸಣ್ಣ ತುಂಡು ನೆಲವನ್ನು ವರ್ಷದ ಬಾಡಿಗೆಗೆ ಕೊಡುವ ಪದ್ಧತಿ. ಪೂರ್ತಿ ತುಂಡಿನ ಹಳೆಯ ಅಳತೆ 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 40×60 ಸೈಟಿಗಿಂತ ಸ್ವಲ್ಪ ದೊಡ್ಡದು. ಎರಡನೆಯ ಸಲ, ಬೇಸಿಗೆಯಲ್ಲಿ ಹೋಗಿದ್ದಾಗ, ಅಂಥ ತೋಟದ ಬೇಲಿಯ ಹೊರಗೆ ನಿಂತು ದಿನವೂ ನೋಡುತ್ತಿದ್ದೆ. ಹಸಿರು ಟೋಪಿಯ ಮುದುಕರೊಬ್ಬರು ದಿನವೂ ಮಣ್ಣು ಕೆದಕುತ್ತಿದ್ದರು. ನಾನು ತಲೆಯಾಡಿಸುವುದು, ಅವರು ಟೋಪಿ ಮುಟ್ಟುವುದು, ಹೀಗೆ ಮೂರು ವಾರ ನಡೆಯಿತು. ನಾಲ್ಕನೆಯ ವಾರ ಒಂದು ಚೀಲ ತುಂಬ ಬೀನ್ಸ್ ತಂದು ಬೇಲಿಯ ಮೇಲಿಂದ ಕೊಟ್ಟರು. ಮನೆಗೆ ತಂದರೆ ನಮ್ಮನೆ ಅಜ್ಜಿ ಕಾಯಿತುರಿ ಹಾಕಿ ಪಲ್ಯ ಮಾಡಿದಳು. ಕೊಟ್ಟವರಿಗೆ ಬರಿಗೈಯಲ್ಲಿ ವಾಪಸ್ ಹೋಗಬಾರದು ಎಂಬುದು ನಮ್ಮ ಪದ್ಧತಿ ತಾನೇ? ಅವರ ಬೀನ್ಸೇ ಡಬ್ಬಿಯಲ್ಲಿ ಪಲ್ಯವಾಗಿ ಅವರಿಗೆ ತಲುಪಿತು. ಮರುವಾರ ಡಬ್ಬಿ ವಾಪಸ್ ಬಂತು. ಅದರ ತುಂಬ ಆಲೂಗಡ್ಡೆ! ಖಾಲಿ ಪಾತ್ರೆ ಹಿಂದಿರುಗಿಸಬಾರದು ಎಂದು ಅವರಿಗೆ ಯಾರು ಹೇಳಿಕೊಟ್ಟಿದ್ದರೋ ಕಾಣೆ.

ಇದೆಲ್ಲ ಹೊತ್ತು ಕಳೆಯುವ ಮಾತಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಮೂರನೆಯ ಸಲ ಹೋಗಿದ್ದಾಗ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ಶಾಲೆಯ ದಾರಿಯ ತಿರುವಿನಲ್ಲಿ ಒಂದು ಮನೆ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಬ್ಬರೇ ಇದ್ದರು. ಬೆಳಗ್ಗೆ ಮುಂದಿನ ಕಿಟಕಿಯ ಪರದೆ ಸರಿಸಿ, ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತ ಬೀದಿ ನೋಡುವುದು ಅವರ ರೂಢಿ. ನಮ್ಮನೆ ಅಜ್ಜಿಗೆ ಇಂಗ್ಲಿಷ್ ಬರುವುದು ನಾಲ್ಕು ಮಾತು. ಅವಳು ಆ ಕಿಟಕಿಯ ಮುಂದೆ ದಿನವೂ ಎರಡು ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದಳು. ಮೊದಲ ದಿನ ಆ ಅಜ್ಜಿ ಹಿಂದೆ ತಿರುಗಿ, ಬೇರೆ ಯಾರಿಗಾದರೂ ಇರಬಹುದೇ ಎಂದು ನೋಡಿದರು. ವಾರ ಕಳೆಯುವಷ್ಟರಲ್ಲಿ ಟೀ ಲೋಟ ಪಕ್ಕಕ್ಕಿಟ್ಟು ಅವರೂ ಕೈ ಜೋಡಿಸತೊಡಗಿದರು. ಅಕ್ಟೋಬರಿನಿಂದ ಜನವರಿಯವರೆಗೆ ಇಬ್ಬರ ನಡುವೆ ಗಾಜು ಇತ್ತು. ಒಂದು ಮಾತೂ ಆಡಿರಲಿಲ್ಲ.

ಜನವರಿಯ ಒಂದು ಬೆಳಗ್ಗೆ ಆ ಪರದೆ ಸರಿದಿರಲಿಲ್ಲ. ನಮ್ಮನೆ ಅಜ್ಜಿ ನಿಂತುಬಿಟ್ಟಳು. ಬೆಲ್ ಒತ್ತಿದೆವು, ಉತ್ತರವಿಲ್ಲ. ಯಾರಿಗೆ ಹೇಳುವುದು? ಗುರುತಿದ್ದವರು ಆ ರಸ್ತೆಯಲ್ಲಿ ಒಬ್ಬರೇ, ಲಾಲಿಪಾಪ್ ಲೇಡಿ. ಆಕೆಗೆ ಹೇಳಿದೆವು. ಆ ಮನೆಯ ಇನ್ನೊಂದು ಬೀಗದ ಕೈ ಎದುರು ಮನೆಯವರ ಹತ್ತಿರ ಇರುವುದು ಆಕೆಗೆ ಗೊತ್ತಿತ್ತು. ಅವರು ಬಂದು ಬಾಗಿಲು ತೆಗೆದರು. ಅಜ್ಜಿ ರಾತ್ರಿಯೇ ಅಡುಗೆಮನೆಯಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು, ಏಳಲಾಗಿರಲಿಲ್ಲ. ತಣ್ಣನೆ ನೆಲದ ಮೇಲೆ ರಾತ್ರಿಯಿಡೀ ಇದ್ದರೂ ಪ್ರಜ್ಞೆ ಇತ್ತು. 999ಕ್ಕೆ ಫೋನ್ ಮಾಡಿದರು, ಆಂಬುಲೆನ್ಸ್ ಬಂತು. ಮಾರ್ಚಿನಲ್ಲಿ ನಾವು ಊರಿಗೆ ಹೊರಡುವ ಹೊತ್ತಿಗೆ ಅವರು ಮನೆಗೆ ಬಂದಿದ್ದರು. ಕುರ್ಚಿಯ ಪಕ್ಕದಲ್ಲಿ ಹಿಡಿದು ನಡೆಯುವ ವಾಕರ್ ಇತ್ತು.

ಯೋಚಿಸಿ ನೋಡಿ. ನಮ್ಮನೆ ಅಜ್ಜಿ, ರಸ್ತೆ ದಾಟಿಸುವಾಕೆ, ಎದುರು ಮನೆಯವರು. ಈ ಸರಪಳಿಯಲ್ಲಿ ಯಾರೂ ಯಾರಿಗೂ ನೆಂಟರಲ್ಲ. ಆ ಪರದೆ ಸರಿಯದೇ ಇರುವುದನ್ನು ಆ ದಿನ ಬಹಳ ಜನ ದಾಟಿಕೊಂಡೇ ಹೋಗಿದ್ದರು. ಅವರು ಕೆಟ್ಟವರಲ್ಲ. ದಿನವೂ ನಮಸ್ಕಾರ ಮಾಡಿದವರಿಗೆ ಮಾತ್ರ ಒಂದು ನಮಸ್ಕಾರ ಕಡಿಮೆಯಾದದ್ದು ಗೊತ್ತಾಗುತ್ತದೆ.

ತಿಳಿದವರೂ ಇದನ್ನೇ ಹೇಳುತ್ತಿದ್ದಾರೆ. ಅಮೆರಿಕದ ಶಿಕಾಗೋದಲ್ಲಿ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಮನಶ್ಶಾಸ್ತ್ರಜ್ಞರು ರೈಲಿನಲ್ಲಿ ಕೆಲಸಕ್ಕೆ ಹೋಗುವವರ ಮೇಲೆ ಒಂದು ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಕೆಲವರಿಗೆ ಪಕ್ಕದ ಅಪರಿಚಿತರೊಡನೆ ಮಾತಾಡಿ ಎಂದರು, ಕೆಲವರಿಗೆ ಸುಮ್ಮನಿರಿ ಎಂದರು. ಮೊದಲೇ ಕೇಳಿದರೆ ಜನ "ಮಾತಾಡಿದರೆ ಪ್ರಯಾಣ ಬೇಸರ" ಎಂದು ಊಹಿಸಿದ್ದರು. ನಿಜವಾಗಿ ಹೆಚ್ಚು ಸಂತೋಷದಿಂದ ಇಳಿದವರು ಮಾತಾಡಿದವರೇ.

ಅಮೆರಿಕ ಸರ್ಕಾರದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರ ಹೆಸರು ನೀವು ಕೇಳಿರಬಹುದು. ಅವರ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಅವರು 2023ರಲ್ಲಿ ಒಂಟಿತನದ ಬಗ್ಗೆ ದೇಶಕ್ಕೇ ಎಚ್ಚರಿಕೆ ಹೊರಡಿಸಿದರು. ಜನರ ಒಡನಾಟವಿಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟು ಸೇದುವಷ್ಟೇ ಆಯುಸ್ಸಿಗೆ ಕೇಡು ಎಂದು ಅದರಲ್ಲಿದೆ. ಬ್ರಿಟನ್ ಸರ್ಕಾರವಂತೂ 2018ರಲ್ಲೇ ಒಂಟಿತನದ ವಿಷಯ ನೋಡಿಕೊಳ್ಳಲು ಒಬ್ಬ ಸಚಿವರನ್ನು ನೇಮಿಸಿತು. ರಸ್ತೆಗೆ, ನೀರಿಗೆ ಸಚಿವರಿರುವ ಹಾಗೆ ಒಂಟಿತನಕ್ಕೂ ಒಬ್ಬರು. ನೋವು ಎಷ್ಟು ಆಳವಾಗಿದ್ದರೆ ಹೀಗಾಗುತ್ತದೆ!

ಅಜ್ಜ ಅಜ್ಜಿಯರಿಗೆ ಒಂದೆರಡು ಕಿವಿಮಾತು. ನಮ್ಮಲ್ಲಿ ಪರಿಚಯವಾದ ಐದು ನಿಮಿಷಕ್ಕೆ ಸಂಬಳ ಎಷ್ಟು, ಮಕ್ಕಳೆಷ್ಟು, ಮಗಳಿಗೆ ಮದುವೆ ಯಾಕಾಗಿಲ್ಲ ಎಂದೆಲ್ಲ ಕೇಳುತ್ತೇವೆ. ನಮಗದು ಪ್ರೀತಿ, ಅಲ್ಲಿ ಅದು ಇನ್ನೊಬ್ಬರ ಪಾಸ್‌ಬುಕ್ ತೆರೆದು ನೋಡಿದ ಹಾಗೆ. ಎಷ್ಟೇ ಮುದ್ದು ಬಂದರೂ ಬೇರೆಯವರ ಮಗುವಿನ ಕೆನ್ನೆ ಚಿವುಟಬೇಡಿ, ಫೋಟೋ ತೆಗೆಯಬೇಡಿ. ಲಂಡನ್ನಿನ ನೆಲದಡಿಯ ರೈಲಿನಲ್ಲಿ ಯಾರೂ ಮಾತಾಡದಿದ್ದರೆ ಅದು ಸಿಟ್ಟಲ್ಲ, ಅಲ್ಲಿಯ ರೂಢಿ. ನಮಸ್ಕಾರಕ್ಕೆ ಉತ್ತರ ಬರಲಿಲ್ಲವೆಂದರೆ ಚೆಕ್ ಬೌನ್ಸ್ ಆಯಿತೆಂದು ಕುಗ್ಗಬೇಡಿ. ದಂಡವೇನೂ ಬೀಳುವುದಿಲ್ಲ, ನಾಳೆ ಮತ್ತೆ ಹಾಕಿ ನೋಡಿ.

ಮಕ್ಕಳೇ, ನಿಮಗೆ ಬೇರೆ ಮಾತು. ಅಪರಿಚಿತರಿಗೆ ನಮಸ್ಕಾರ ಹೇಳುವುದು ಬೇರೆ, ಅಪರಿಚಿತರ ಜೊತೆ ಹೋಗುವುದು ಬೇರೆ. ದೊಡ್ಡವರು ಜೊತೆಯಲ್ಲಿದ್ದಾಗ ನಗುತ್ತ ನಮಸ್ಕಾರ ಹೇಳಿ. ಒಬ್ಬರೇ ಇದ್ದಾಗ ಯಾರು ಕರೆದರೂ ಹೋಗಬೇಡಿ, ಏನು ಕೊಟ್ಟರೂ ತೆಗೆದುಕೊಳ್ಳಬೇಡಿ, ಮನೆಯ ವಿಳಾಸ ಹೇಳಬೇಡಿ. ಯಾರಾದರೂ "ಅಪ್ಪ ಅಮ್ಮನಿಗೆ ಹೇಳಬೇಡ" ಎಂದರೆ ಅದನ್ನೇ ಮೊದಲು ಅಪ್ಪ ಅಮ್ಮನಿಗೆ ಹೇಳಬೇಕು.

ಇದಕ್ಕೆಲ್ಲ ವಿಮಾನ ಹತ್ತಲೇಬೇಕೆಂದಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತಿರುವ ಕಾವಲುಗಾರ ನೇಪಾಳದವನೋ ಅಸ್ಸಾಮಿನವನೋ ಇರಬಹುದು. ನಿಮ್ಮ ತರಗತಿಗೆ ಈ ವರ್ಷ ಬಂದ ಹುಡುಗಿ ಕನ್ನಡ ಬಾರದೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರಬಹುದು. ಅವರಿಗೆ ನಮ್ಮೂರೇ ಪರದೇಶ. ಅವರಿಗೆ ಇಲ್ಲಿ ಪರಿಚಯದ ಸಹಿ ಹಾಕುವವರು ಯಾರು? ನೀವೇ ಹಾಕಬೇಕು.

ಬ್ಯಾಂಕಿನಲ್ಲಿ ಎರಡು ವರ್ಷ ಯಾವ ವಹಿವಾಟೂ ನಡೆಸದ ಉಳಿತಾಯ ಖಾತೆಯನ್ನು ನಿಷ್ಕ್ರಿಯ ಖಾತೆ ಎಂದು ಬೇರೆ ಇಡುತ್ತಾರೆ. ದುಡ್ಡು ಒಳಗೇ ಇರುತ್ತದೆ, ಆದರೆ ತೆಗೆಯಲು ಓಡಾಡಬೇಕು. ಪರಿಚಯವೂ ಹಾಗೆ ಆಗಬಾರದು.

ಈ ವಾರದ ಕೆಲಸ ಇಷ್ಟು. ಅಜ್ಜನೋ ಅಜ್ಜಿಯೋ ಮೊಮ್ಮಗುವಿನ ಕೈ ಹಿಡಿದು ಹೊರಡಿ. ದಿನವೂ ಕಾಣುವ, ಆದರೆ ಇದುವರೆಗೆ ಮಾತಾಡಿಸದ ಒಬ್ಬರನ್ನು ಆರಿಸಿಕೊಳ್ಳಿ. ಏಳು ದಿನ, ಅದೇ ಹೊತ್ತಿಗೆ, ಒಂದು ನಮಸ್ಕಾರ. ಎಂಟನೆಯ ದಿನ ಏನಾಯಿತೆಂದು ಮಕ್ಕಳು ಒಂದು ಪುಟದಲ್ಲಿ ಬರೆದಿಡಿ. ಅಜ್ಜ ಅಜ್ಜಿಯರು ಕಾಗುಣಿತ ನೋಡಿಕೊಡಲಿ.